ಮೇಜಿನ ಈಚೆಗೆ ಕೂತವರು

ಇರಾನ್ ಎಂದರೆ ನಮ್ಮಲ್ಲಿ ಬಹಳ ಮಂದಿಯ ಕಣ್ಣಿಗೆ ಬರುವುದು ಒಂದೇ ಚಿತ್ರ. ಕರಿಯ ಚಾದರ ಹೊದ್ದ ಹೆಂಗಸರ ಉದ್ದನೆಯ ಸಾಲು, ಅವರ ತಲೆಯ ಮೇಲೆ ಬಿಳಿಗಡ್ಡದ ಧರ್ಮಗುರುವಿನ ದೊಡ್ಡ ಪಟ. 1979ರ ಕ್ರಾಂತಿಯಾದಾಗಿನಿಂದ ಪತ್ರಿಕೆಗಳಲ್ಲಿ ಇದನ್ನೇ ನೋಡುತ್ತ ಬಂದಿದ್ದೇವೆ. ಚಿತ್ರವೇನೂ ಸುಳ್ಳಲ್ಲ. ಆದರೆ ಆ ಸಾಲಿನಲ್ಲಿ ನಿಂತ ಒಬ್ಬ ಹೆಂಗಸಿಗೆ ನಾಳೆ ಗಂಡನಿಂದ ಬಿಡುಗಡೆ ಬೇಕಾದರೆ ಅವಳು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು, ಯಾರ ಮುಂದೆ ಕೂರಬೇಕು, ಯಾರು 'ಆಗುವುದಿಲ್ಲ' ಅಂದರೆ ಅದು ಕೊನೆಯ ಮಾತು, ಇವು ಯಾವುವೂ ಆ ಚಿತ್ರದಿಂದ ತಿಳಿಯುವುದಿಲ್ಲ. ಮಹಿಳಾ ಸಮಾಜದ ಮಾತುಕತೆಯಲ್ಲಿ ಇರಾನಿನ ಸುದ್ದಿ ಬಂದರೆ ಒಬ್ಬರು 'ಅಯ್ಯೋ ಪಾಪ' ಅನ್ನುತ್ತಾರೆ, ಇನ್ನೊಬ್ಬರು 'ಅದು ಅವರ ಧರ್ಮ, ನಮಗೇಕೆ' ಅನ್ನುತ್ತಾರೆ. ಎರಡು ಮಾತಿಗೂ ಮುಂದೆ ದಾರಿಯಿಲ್ಲ.

ನನಗೆ ಆ ದಾರಿ ಸ್ವಲ್ಪ ಕಂಡದ್ದು ಮೂರು ಚಲನಚಿತ್ರಗಳಿಂದ. ಮೂರನ್ನೂ ಬೇರೆ ಬೇರೆ ಕಾಲದಲ್ಲಿ ನೋಡಿದ್ದೆ. ಈಚೆಗೆ ಒಂದೇ ವಾರದಲ್ಲಿ ಮತ್ತೆ ನೋಡಿದಾಗ, ಮೂರೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿವೆ ಅನ್ನಿಸಿತು. ಧರ್ಮವು ಸರ್ಕಾರವಾದಾಗ, ಧರ್ಮದ ಹೆಸರಿನಲ್ಲಿ ಮಾತಾಡುವ ಹಕ್ಕು ಯಾರ ಕೈಗೆ ಹೋಗುತ್ತದೆ? ಆ ಹಕ್ಕಿಲ್ಲದ ಹೆಂಗಸು ಏನು ಮಾಡುತ್ತಾಳೆ?

ಮೊದಲನೆಯದು 1998ರ 'ಡಿವೋರ್ಸ್ ಇರಾನಿಯನ್ ಸ್ಟೈಲ್' ಎಂಬ ಸಾಕ್ಷ್ಯಚಿತ್ರ. ಇಂಗ್ಲೆಂಡಿನ ಕಿಮ್ ಲಾಂಗಿನೊಟೊ, ಇರಾನಿನಲ್ಲೇ ಹುಟ್ಟಿದ ಮಾನವಶಾಸ್ತ್ರಜ್ಞೆ ಜೀಬಾ ಮೀರ್ ಹುಸೇನಿ, ಈ ಇಬ್ಬರು ಸೇರಿ ಮಾಡಿದ್ದು. ಟೆಹರಾನಿನ ಒಂದು ಕುಟುಂಬ ನ್ಯಾಯಾಲಯದೊಳಕ್ಕೆ ಇವರು ಕ್ಯಾಮೆರಾ ಒಯ್ದಿದ್ದಾರೆ. ನ್ಯಾಯಾಲಯವೆಂದರೆ ಎತ್ತರದ ಪೀಠ, ಕರಿಕೋಟು, ಕಟಕಟೆ ಎಂದುಕೊಳ್ಳಬೇಡಿ. ನಮ್ಮ ತಾಲ್ಲೂಕು ಕಚೇರಿಯ ಒಂದು ಕೋಣೆಯಷ್ಟೇ ಜಾಗ. ಒಂದು ಮೇಜು, ಅದರ ಆಚೆಗೆ ರುಮಾಲು ಸುತ್ತಿದ ಧರ್ಮಗುರು. ಅವರೇ ನ್ಯಾಯಾಧೀಶರು. ಪಕ್ಕದ ಮೇಜಿನಲ್ಲಿ ಕಡತಗಳ ರಾಶಿಯ ಹಿಂದೆ ಒಬ್ಬ ಗುಮಾಸ್ತೆ, ಹೆಂಗಸು. ಮೇಜಿನ ಈಚೆಗೆ, ಕೈಯಳತೆಯ ದೂರದಲ್ಲಿ, ಗಂಡ ಹೆಂಡತಿ ಮತ್ತು ಅವರ ಕಡೆಯವರು.

ಆ ಹೆಂಗಸರು ಆಡುವ ಮಾತು ಕೇಳಬೇಕು! ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿ ಕೂರುವವರಲ್ಲ. ಹದಿನಾರು ವರ್ಷದ ಹುಡುಗಿಯೊಬ್ಬಳು ತನಗಿಂತ ಇಪ್ಪತ್ತು ವರ್ಷಕ್ಕೂ ಹಿರಿಯ ಗಂಡನ ಜೊತೆ, ಅವನ ಕಡೆಯ ಹಿರಿಯರ ಜೊತೆ ವಾದಕ್ಕಿಳಿದು, ಅವರೆಲ್ಲ ಸುಸ್ತಾಗುವವರೆಗೆ ಬಿಡುವುದಿಲ್ಲ. ಇನ್ನೊಬ್ಬಳು ಗಂಡನಿಗೆ ಬುದ್ಧಿ ಬರಲಿ ಎಂದಷ್ಟೇ ಅವನನ್ನು ಕೋರ್ಟಿಗೆ ಎಳೆತಂದಿದ್ದಾಳೆ. ಮತ್ತೊಬ್ಬಳು ಗಂಡಸುತನದ ವಿಷಯವನ್ನು, ನಾವು ಅಕ್ಕತಂಗಿಯರ ನಡುವೆಯೂ ಆಡಲು ಹಿಂಜರಿಯುವ ಮಾತನ್ನು, ಧರ್ಮಗುರುವಿನ ಎದುರು ಕಡತದ ವಿಷಯದಂತೆ ಹೇಳುತ್ತಾಳೆ. ಯಾಕೆಂದರೆ ಅದು ಶಾಸ್ತ್ರ ಒಪ್ಪುವ ಕಾರಣ. ಗಂಡ ಒರಟ, ಅವನೊಡನೆ ಬಾಳಲಾರೆ ಅಂದರೆ ಸಾಲದು, ರುಜುವಾತು ಬೇಕು.

ಇಲ್ಲಿ ಕಾನೂನಿನ ಹೆಣಿಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಲಾಖ್ ಕೊಡುವ ಹಕ್ಕು ಗಂಡನದು. ಕೋರ್ಟಿನ ಮೂಲಕ ಹಾದುಬರಬೇಕು ಎಂಬ ಕಟ್ಟಳೆಯಿದ್ದರೂ ಅವನು ಕಾರಣ ಕೊಡಬೇಕಿಲ್ಲ. ಹೆಂಡತಿ ಕಾರಣ ಕೊಡಬೇಕು, ಅದನ್ನು ಸಾಬೀತು ಮಾಡಬೇಕು. ಇಲ್ಲವೇ ಗಂಡನ ಒಪ್ಪಿಗೆಯನ್ನು ಕೊಂಡುಕೊಳ್ಳಬೇಕು. ಕೊಂಡುಕೊಳ್ಳಲು ಅವಳ ಕೈಯಲ್ಲಿರುವ ದುಡ್ಡು ಎಂದರೆ ಮಹರ್. ನಿಖಾದ ಹೊತ್ತಿಗೆ ಗಂಡ ಬರೆದುಕೊಟ್ಟ ಈ ಮೊತ್ತವನ್ನು ಅವಳು ಯಾವಾಗ ಕೇಳಿದರೂ ಅವನು ತೆರಬೇಕು. ತೆರಲಾಗದಷ್ಟು ದೊಡ್ಡ ಮೊತ್ತವನ್ನೇ ಬರೆಸುವುದರಲ್ಲಿ ತಾಯ್ತಂದೆಯರ ಜಾಣತನವಿದೆ. 'ಮಹರ್ ಬಿಟ್ಟುಕೊಡುತ್ತೇನೆ, ನನ್ನನ್ನು ಬಿಟ್ಟುಬಿಡು' ಎಂಬ ಚೌಕಾಸಿಗೆ ಅದು ಆಧಾರ. ಹಣದುಬ್ಬರದಲ್ಲಿ ಮಹರ್ ಸವೆದು ಹೋಗುತ್ತಿದೆ ಎಂದು ಹೆಂಗಸರು ಗಲಾಟೆ ಮಾಡಿದ ಮೇಲೆ 1997ರಲ್ಲಿ ಅದನ್ನು ಬೆಲೆಯೇರಿಕೆಗೆ ತಕ್ಕಂತೆ ಲೆಕ್ಕ ಹಾಕುವ ಕಾನೂನು ಬಂತು. ಚಿತ್ರದ ಹೆಂಗಸರಿಗೆ ಈ ಲೆಕ್ಕವೆಲ್ಲ ಬಾಯಿಪಾಠ.

ಇನ್ನೊಂದು ಕಾನೂನಿನ ಕಥೆ ನನಗೆ ಬಹಳ ಇಷ್ಟ. ಇಸ್ಲಾಮಿ ಧರ್ಮಶಾಸ್ತ್ರದ ಪ್ರಕಾರ ಮನೆಗೆಲಸ ಹೆಂಡತಿಯ ಕರ್ತವ್ಯವಲ್ಲ. ಮಗುವಿಗೆ ಹಾಲೂಡಿಸಿದ್ದಕ್ಕೂ ಅವಳು ಪ್ರತಿಫಲ ಕೇಳಬಹುದು. ಇದನ್ನೇ ಹಿಡಿದು ಅಲ್ಲಿನ ಹೆಂಗಸರು, ಹಾಗಾದರೆ ಇಷ್ಟು ವರ್ಷ ದುಡಿದದ್ದಕ್ಕೆ ಕೂಲಿ ಎಲ್ಲಿ ಎಂದು ಕೇಳಿದರು. 1992ರಲ್ಲಿ ಕಾನೂನಾಯಿತು. ಹೆಂಡತಿಯ ತಪ್ಪಿಲ್ಲದೆ ಗಂಡ ತಲಾಖ್ ಕೊಡುವುದಾದರೆ, ಅವಳು ಮಾಡಿದ ಮನೆಗೆಲಸದ ಕೂಲಿ ಕೊಡಬೇಕು. ಆದರೆ ಒಂದು ಕೊಕ್ಕೆ. ಆ ಕೆಲಸವನ್ನು ಗಂಡನ ಮಾತಿನ ಮೇಲೆ ಮಾಡಿದ್ದಿರಬೇಕು, ಪುಕ್ಕಟೆಯಾಗಿ ಮಾಡುವ ಉದ್ದೇಶ ಅವಳಿಗೆ ಇದ್ದಿರಬಾರದು. ಒಲೆಯ ಮುಂದೆ ನಿಂತು ರೊಟ್ಟಿ ತಟ್ಟುವಾಗ 'ಇದು ಪುಕ್ಕಟೆಯಲ್ಲ' ಎಂದು ಯಾರು ಸಾಕ್ಷಿ ಇಟ್ಟುಕೊಂಡಿರುತ್ತಾರೆ ಹೇಳಿ. ಆದರೂ ಕೂಲಿ ಎಂಬ ಮಾತು ಕಾನೂನಿನ ಪುಸ್ತಕದಲ್ಲಿ ಕೂತಿತಲ್ಲ, ಅದು ಸಣ್ಣದಲ್ಲ.

ಇದರಲ್ಲೊಂದು ವಿಚಿತ್ರವಿದೆ. ಸರ್ಕಾರವು 'ಈ ಕಾನೂನು ಧರ್ಮವೇ' ಎಂದು ಹೇಳಿದ ಕ್ಷಣದಿಂದ, ಧರ್ಮದ ಅರ್ಥವೇನು ಎಂದು ಕೇಳುವ ಅವಕಾಶ ಅಡುಗೆಮನೆಯ ಹೆಂಗಸಿಗೂ ಸಿಕ್ಕಿತು. ಶಹ್ಲಾ ಶೇರ್ಕತ್ 1992ರಲ್ಲಿ ಶುರುಮಾಡಿದ 'ಜನಾನ್' ಎಂಬ ಮಹಿಳಾ ಪತ್ರಿಕೆ ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡಿತು. ಅದರ ಲೇಖನಗಳು 'ಧರ್ಮ ಬೇಡ' ಎನ್ನಲಿಲ್ಲ, 'ಧರ್ಮ ಹೀಗೆ ಹೇಳುವುದಿಲ್ಲ' ಅಂದವು. ತಮಾಷೆಯೆಂದರೆ ಹೆಂಗಸರ ಹೆಸರಿನಲ್ಲಿ ಬಂದ ಕೆಲವು ಪಾಂಡಿತ್ಯಪೂರ್ಣ ಲೇಖನಗಳನ್ನು ಬರೆದವರು ಮೊಹಸಿನ್ ಸಯೀದ್‌ಜಾದೆ ಎಂಬ ಒಬ್ಬ ಧರ್ಮಗುರು! ನಮ್ಮಲ್ಲಿ ಗಂಡಸಿನ ಹೆಸರಿನಲ್ಲಿ ಬರೆದ ಹೆಂಗಸರ ಕಥೆ ಕೇಳಿದ್ದೇವೆ. ಹೆಂಗಸಿನ ಹೆಸರಿನ ಮರೆಯಲ್ಲಿ ನಿಂತು ಹೆಂಗಸಿನ ಪರ ವಾದಿಸಿದ ಗಂಡಸು ಅಪರೂಪ. 1998ರಲ್ಲಿ ಅವರನ್ನು ಬಂಧಿಸಿದರು, ಗುರುವಿನ ನಿಲುವಂಗಿ ತೊಡುವ ಅಧಿಕಾರವನ್ನೂ ಕಿತ್ತುಕೊಂಡರು. ಪತ್ರಿಕೆ 2008ರವರೆಗೆ ಜೀವ ಹಿಡಿದಿತ್ತು, ಆಮೇಲೆ ಮುಚ್ಚಿಸಲಾಯಿತು.

ನಮ್ಮ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿದವರಿಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. ನಾದಿರಾಳ ಬದುಕನ್ನು ಹಾಳುಮಾಡುವುದು ಅಪ್ಪನ ಹಟ, ಮೂರು ಸಲದ ತಲಾಖ್, ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನ ಜೊತೆ ಒಂದು ರಾತ್ರಿ ಎಂಬ ಕಟ್ಟಳೆ. ಅವಳು ಯಾರ ಮುಂದೆ ಹೋಗಿ ಕೂತು ವಾದಿಸಬೇಕಿತ್ತು? ಅವಳಿಗೆ ಮೇಜೇ ಇಲ್ಲ. ಅವಳಿಗಿದ್ದದ್ದು ಮಸೀದಿಯ ಕೊಳ. ಟೆಹರಾನಿನ ಹೆಂಗಸರಿಗೆ ಮೇಜಾದರೂ ಇದೆ ಎಂದು ಸಮಾಧಾನ ಪಡಬೇಕೋ, ಮೇಜಿನ ಆಚೆಗೆ ಕೂರಲು ಅವರನ್ನು ಬಿಡುವುದಿಲ್ಲವಲ್ಲ ಎಂದು ಸಂಕಟ ಪಡಬೇಕೋ! ಶಿರಿನ್ ಎಬಾದಿ ಆ ಆಚೆ ಬದಿಯಲ್ಲಿ ಕೂತಿದ್ದವರು. 1975ರಿಂದ ಟೆಹರಾನಿನ ನಗರ ನ್ಯಾಯಾಲಯದ ಒಂದು ಪೀಠದ ಮುಖ್ಯಸ್ಥೆಯಾಗಿದ್ದರು. ಹೆಣ್ಣು ನ್ಯಾಯಾಧೀಶಳಾಗುವಂತಿಲ್ಲ ಎಂದು ಕ್ರಾಂತಿಯ ನಂತರ ಅವರನ್ನು ಇಳಿಸಿ, ತಾವೇ ಮುಖ್ಯಸ್ಥೆಯಾಗಿದ್ದ ನ್ಯಾಯಾಲಯದಲ್ಲೇ ಗುಮಾಸ್ತೆಯಾಗಿ ಕೂರಿಸಿದರು. ಆಮೇಲೆ ಕೆಲಸ ಬಿಟ್ಟು, ವರ್ಷಗಳ ನಂತರ ವಕೀಲರಾಗಿ, 2003ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಚಿತ್ರದಲ್ಲಿ ಪಕ್ಕದ ಮೇಜಿನ ಗುಮಾಸ್ತೆಯನ್ನು ನೋಡುವಾಗಲೆಲ್ಲ ನನಗೆ ಎಬಾದಿಯವರ ನೆನಪು.

ಆ ಗುಮಾಸ್ತೆಗೆ ಒಬ್ಬ ಪುಟ್ಟ ಮಗಳು. ಶಾಲೆ ಬಿಟ್ಟು ಅಮ್ಮನ ಕಚೇರಿಗೆ ಬಂದು ಆಡುತ್ತಿರುತ್ತಾಳೆ. ನ್ಯಾಯಾಧೀಶರು ಎದ್ದುಹೋದಾಗ ಅವರ ಕುರ್ಚಿಯಲ್ಲಿ ಕೂತು, ತಲೆಗೆ ಒಂದು ಟೊಪ್ಪಿಗೆ ಏರಿಸಿ, ಇಲ್ಲದ ಕಕ್ಷಿದಾರರಿಗೆ ತೀರ್ಪು ಕೊಡುತ್ತಾಳೆ, ಗದರಿಸುತ್ತಾಳೆ. ಗಂಡಂದಿರು ಎಂಥವರೆಂದು ನೋಡಿದ ಮೇಲೆ ತಾನು ಮದುವೆಯಾಗುವುದಿಲ್ಲ ಎಂದೂ ಹೇಳುತ್ತಾಳೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಹರಿತವಾದ ದೃಶ್ಯವಿಲ್ಲ, ಇದಕ್ಕಿಂತ ನಗು ಬರಿಸುವ ದೃಶ್ಯವೂ ಇಲ್ಲ.

ಇಷ್ಟು ಮೆಚ್ಚಿದರೂ ಈ ಚಿತ್ರದ ಮೇಲೆ ನನ್ನದೊಂದು ಆಕ್ಷೇಪಣೆಯಿದೆ. ಕ್ಯಾಮೆರಾ ಆ ಕೋಣೆಯನ್ನು ಬಿಟ್ಟು ಹೆಚ್ಚು ದೂರ ಹೋಗುವುದೇ ಇಲ್ಲ. ನ್ಯಾಯಾಧೀಶರು ತಾಳ್ಮೆಯ ಮನುಷ್ಯ, ಕೆಲವೊಮ್ಮೆ ಅಜ್ಜನಂತೆ ಕಾಣುತ್ತಾರೆ. ನೋಡಿ ಮುಗಿಸಿದವರು 'ಪಾಪ, ಅವರೇನು ಮಾಡಿಯಾರು' ಅಂದುಕೊಂಡು ಏಳುತ್ತಾರೆ. ಮರುಮದುವೆಯಾದ ತಾಯಿಯೊಬ್ಬಳು ಮಕ್ಕಳನ್ನು ಕಳೆದುಕೊಳ್ಳುವ ಹೊತ್ತಿಗೆ ಮಾಡುವ ಹೋರಾಟ, ಆಡುವ ಸುಳ್ಳು, ಇಡುವ ಅಳು ನೋಡಿದರೆ ಕರುಳು ಹಿಂಡುತ್ತದೆ. ಆದರೆ ಆಗಿನ ಕಾನೂನಿನಲ್ಲಿ ಗಂಡುಮಗು ಎರಡು ವರ್ಷದವರೆಗೆ, ಹೆಣ್ಣುಮಗು ಏಳರವರೆಗೆ ಮಾತ್ರ ತಾಯಿಯದು. ತಾಯಿ ಮರುಮದುವೆಯಾದರೆ ಅದೂ ಇಲ್ಲ. ಈ ಎರಡು, ಏಳು ಎಂಬ ಅಂಕಿಗಳನ್ನು ಬರೆದವರು ಯಾರು, ಬದಲಿಸಬಲ್ಲವರು ಯಾರು? ಚಿತ್ರ ಅದನ್ನು ತೋರಿಸುವುದಿಲ್ಲ. 2003ರಲ್ಲಿ ಗಂಡುಮಗುವಿಗೂ ಏಳು ವರ್ಷ ಎಂದು ತಿದ್ದಿದರು. ತಿದ್ದಿದವರು ಆ ಅಜ್ಜನಂಥ ನ್ಯಾಯಾಧೀಶರಲ್ಲ.

ಹಾಗಾದರೆ ಯಾರು? ಇಲ್ಲಿಂದ ಸ್ವಲ್ಪ ಒಣ ವಿಷಯ. ದಯವಿಟ್ಟು ಹಾಳೆ ತಿರುವಬೇಡಿ.

1979ರ ಸಂವಿಧಾನ, 1989ರ ತಿದ್ದುಪಡಿಯೊಂದಿಗೆ, ಎರಡು ಅಂತಸ್ತಿನ ಮನೆಯಂತೆ ಕಟ್ಟಿದ್ದು. ಕೆಳಗಿನ ಅಂತಸ್ತು ನಮಗೆ ಪರಿಚಿತ. ಜನ ಓಟು ಹಾಕುತ್ತಾರೆ, ಹೆಂಗಸರೂ ಹಾಕುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷರನ್ನು, ಮಜ್ಲಿಸ್ ಎಂಬ ಸಂಸತ್ತನ್ನು ಆರಿಸುತ್ತಾರೆ. ಮೇಲಿನ ಅಂತಸ್ತಿನಲ್ಲಿ ಧರ್ಮಶಾಸ್ತ್ರಜ್ಞನಾದ ಸರ್ವೋಚ್ಚ ನಾಯಕ. ಸೈನ್ಯ, ನ್ಯಾಯಾಂಗ, ರೇಡಿಯೋ, ಟೆಲಿವಿಷನ್ ಇವುಗಳ ಮುಖ್ಯಸ್ಥರನ್ನು ನೇಮಿಸುವವನು ಅವನು. ಎರಡು ಅಂತಸ್ತುಗಳ ನಡುವಿನ ಮೆಟ್ಟಿಲ ಮೇಲೆ ಹನ್ನೆರಡು ಜನರ ಪಾಲಕ ಮಂಡಳಿ. ಅದರಲ್ಲಿ ಆರು ಧರ್ಮಶಾಸ್ತ್ರಜ್ಞರನ್ನು ನಾಯಕ ನೇಮಿಸುತ್ತಾನೆ. ಉಳಿದ ಆರು ಕಾನೂನು ಪಂಡಿತರ ಹೆಸರುಗಳನ್ನು ನ್ಯಾಯಾಂಗದ ಮುಖ್ಯಸ್ಥ ಕಳಿಸುತ್ತಾನೆ, ಅವರಲ್ಲಿ ಮಜ್ಲಿಸ್ ಆರಿಸುತ್ತದೆ. ಆ ಮುಖ್ಯಸ್ಥನನ್ನು ನೇಮಿಸಿದವನೂ ನಾಯಕನೇ. ಮಜ್ಲಿಸ್ ಮಾಡಿದ ಪ್ರತಿ ಕಾನೂನೂ ಧರ್ಮಕ್ಕೆ ಹೊಂದುತ್ತದೆಯೇ ಎಂದು ಈ ಮಂಡಳಿ ನೋಡುತ್ತದೆ. ಚುನಾವಣೆಗೆ ಯಾರು ನಿಲ್ಲಬಹುದು ಎಂದೂ ಇದೇ ತೀರ್ಮಾನಿಸುತ್ತದೆ. ನಾಯಕನನ್ನು ಆರಿಸುವ ತಜ್ಞರ ಸಭೆಯೊಂದಿದೆ, ಅದಕ್ಕೂ ಜನರೇ ಎಂಟು ವರ್ಷಕ್ಕೊಮ್ಮೆ ಓಟು ಹಾಕುತ್ತಾರೆ. ಆದರೆ ಅದಕ್ಕೆ ನಿಲ್ಲುವವರನ್ನೂ ಸೋಸುವುದು ಪಾಲಕ ಮಂಡಳಿಯೇ. ನಾಯಕ ಮಂಡಳಿಯನ್ನು ನೇಮಿಸುತ್ತಾನೆ, ಮಂಡಳಿ ಸಭೆಯನ್ನು ಸೋಸುತ್ತದೆ, ಸಭೆ ನಾಯಕನನ್ನು ಆರಿಸುತ್ತದೆ. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬರುವ ದಾರ.

ಮಜ್ಲಿಸ್ ಮತ್ತು ಪಾಲಕ ಮಂಡಳಿ ಜಗಳವಾಡಿದರೆ? ಅದಕ್ಕಾಗಿ 1988ರಲ್ಲಿ ಖೊಮೇನಿಯವರು ಮೂರನೆಯ ಮಂಡಳಿಯೊಂದನ್ನು ಮಾಡಿದರು, ರಾಜ್ಯದ ಹಿತ ಯಾವುದೆಂದು ತೂಗಿ ಹೇಳಲು. ಹೆಣ್ಣುಮಕ್ಕಳ ಮದುವೆಯ ವಯಸ್ಸಿನ ಕಥೆ ಕೇಳಿದರೆ ಈ ಯಂತ್ರ ಓಡುವ ರೀತಿ ತಿಳಿಯುತ್ತದೆ. ಷಾ ಕಾಲದ 1975ರ ಕಾನೂನು ಹುಡುಗಿಗೆ ಹದಿನೆಂಟು ಎಂದಿತ್ತು. ಕ್ರಾಂತಿಯ ನಂತರ ಅದು ಹೋಯಿತು. ಹುಡುಗಿ ಪ್ರಾಯಕ್ಕೆ ಬರುವುದು ಒಂಬತ್ತು ಚಾಂದ್ರಮಾನ ವರ್ಷಕ್ಕೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂಬತ್ತು ತುಂಬಲು ಮೂರು ತಿಂಗಳಿರುವಾಗಲೇ, ಎಂದು ಬರೆದರು. 2000ದಲ್ಲಿ ಸುಧಾರಣಾವಾದಿಗಳು ತುಂಬಿದ್ದ ಮಜ್ಲಿಸ್ ಹದಿನೈದು ಎಂದು ಮಸೂದೆ ಮಾಡಿತು. ಪಾಲಕ ಮಂಡಳಿ 'ಧರ್ಮಕ್ಕೆ ವಿರುದ್ಧ' ಎಂದು ಹಿಂದಕ್ಕೆ ಕಳಿಸಿತು. ಕೊನೆಗೆ 2002ರಲ್ಲಿ ಮೂರನೆಯ ಮಂಡಳಿ ಹದಿಮೂರು ಎಂದು ತೀರ್ಮಾನಿಸಿತು. ಅದಕ್ಕೂ ಕಡಿಮೆಯಾದರೆ ತಂದೆಯ ಜೊತೆ ಕೋರ್ಟಿನ ಒಪ್ಪಿಗೆಯೂ ಬೇಕು. ಒಂಬತ್ತು ಒಬ್ಬರದು, ಹದಿನೈದು ಇನ್ನೊಬ್ಬರದು, ಹದಿಮೂರಕ್ಕೆ ವ್ಯಾಪಾರ ಕುದುರಿತು. ಒಂಬತ್ತು ದೇವರ ಅಪ್ಪಣೆಯೇ ಆಗಿದ್ದರೆ ಹದಿಮೂರಕ್ಕೆ ಏರಿಸಿದವರು ಯಾರ ಅಪ್ಪಣೆ ಪಡೆದರು? ಈ ಪ್ರಶ್ನೆಯನ್ನು ನಾನು ಕೇಳುತ್ತಿರುವುದು ಕುಹಕಕ್ಕಲ್ಲ. ಬದಲಾಯಿಸಲು ಬರುತ್ತದೆ ಎಂದು ಅವರೇ ತೋರಿಸಿಕೊಟ್ಟಿದ್ದಾರೆ. ಆದರೆ ಬದಲಾಯಿಸುವ ಅಧಿಕಾರ ಯಾರ ಹೊಟ್ಟೆಯಲ್ಲಿ ಮಗು ಹುಟ್ಟುತ್ತದೋ ಅವರ ಬಳಿ ಇಲ್ಲ. 2003ರಲ್ಲಿ ಹೆಂಗಸರ ಮೇಲಿನ ತಾರತಮ್ಯ ಹೋಗಲಾಡಿಸುವ ವಿಶ್ವಸಂಸ್ಥೆಯ ಒಪ್ಪಂದವನ್ನೂ ಮಜ್ಲಿಸ್ ಒಪ್ಪಿತ್ತು, ಪಾಲಕ ಮಂಡಳಿ ಒಪ್ಪಲಿಲ್ಲ.

ಅಧ್ಯಕ್ಷರಾಗುವವರ ಅರ್ಹತೆ ಹೇಳುವ ಕಡೆ ಸಂವಿಧಾನದಲ್ಲಿ 'ರಿಜಾಲ್' ಎಂಬ ಅರಬ್ಬಿ ಪದವಿದೆ. ಗಂಡಸರು ಎಂದೂ ಅರ್ಥ, ಗಣ್ಯರು ಎಂದೂ ಹೇಳಬಹುದು. ಅಯತೊಲ್ಲಾ ತಾಲೆಘಾನಿಯವರ ಮಗಳು ಆಜಂ ತಾಲೆಘಾನಿ 1997ರಲ್ಲಿ ತಾನೇ ಅರ್ಜಿ ಹಾಕಿ, ಈ ಪದದ ಅರ್ಥ ಹೇಳಿ ಎಂದು ಕೂತರು. ಅರ್ಜಿ ಬಿದ್ದುಹೋಯಿತು. ಅಲ್ಲಿಂದ 2024ರ ಚುನಾವಣೆಯವರೆಗೆ ಎಷ್ಟೋ ಹೆಂಗಸರು ಅರ್ಜಿ ಹಾಕಿದ್ದಾರೆ, ಒಬ್ಬರ ಹೆಸರೂ ಮಂಡಳಿಯ ಜರಡಿಯಿಂದ ಕೆಳಗೆ ಇಳಿದಿಲ್ಲ.

ಎರಡನೆಯ ಚಿತ್ರ ಜಾಫರ್ ಪನಾಹಿಯವರ 'ಆಫ್‌ಸೈಡ್', 2006ರದು. ಗಂಡಸರ ಫುಟ್‌ಬಾಲ್ ನೋಡಲು ಹೆಂಗಸರನ್ನು ಆಗ ಕ್ರೀಡಾಂಗಣಕ್ಕೆ ಬಿಡುತ್ತಿರಲಿಲ್ಲ. ಹುಡುಗರ ವೇಷ ಹಾಕಿ ನುಗ್ಗಲು ಹೋದ ಕೆಲವು ಹುಡುಗಿಯರು ಸಿಕ್ಕಿಬಿದ್ದು, ಗ್ಯಾಲರಿಯ ಹಿಂಬದಿಯ ಒಂದು ಕಟ್ಟೆಯೊಳಗೆ ಕೂರುತ್ತಾರೆ. ಆಟ ಕೇಳುತ್ತದೆ, ಕಾಣುವುದಿಲ್ಲ. ಕಾಯಲು ನಿಂತ ಸಿಪಾಯಿ ಹಳ್ಳಿಯ ಹುಡುಗ, ಅವನ ಮನಸ್ಸೆಲ್ಲ ಊರಿನ ದನಗಳ ಮೇಲೆ. ಜಪಾನಿನ ಹೆಂಗಸರು ಇದೇ ಕ್ರೀಡಾಂಗಣಕ್ಕೆ ಬಂದಿದ್ದರಲ್ಲ ಎಂದು ಹುಡುಗಿಯೊಬ್ಬಳು ಕೇಳಿದರೆ, ಅವರಿಗೆ ನಮ್ಮವರ ಬೈಗುಳ ಅರ್ಥವಾಗುವುದಿಲ್ಲವಲ್ಲ ಎಂಬುದು ಅವನ ಉತ್ತರ! ಅವನೂ ಈ ನಿಯಮ ಮಾಡಿದವನಲ್ಲ. ಯಾರೋ ಹೇಳಿದರು, ಕಾಯುತ್ತಿದ್ದಾನೆ. ಚಿತ್ರವಾಗಿ ನೋಡಿದರೆ ಹುಡುಗಿಯರಿಗಿಂತ ಈ ಸಿಪಾಯಿಯನ್ನೇ ಪನಾಹಿ ಚೆನ್ನಾಗಿ ಕಡೆದಿದ್ದಾರೆ. ಹುಡುಗಿಯರ ಬಾಯಲ್ಲಿ ಒಮ್ಮೊಮ್ಮೆ ನಿರ್ದೇಶಕರ ದನಿ ಕೇಳಿಬಿಡುತ್ತದೆ.

ಚಿತ್ರದ ಆಚೆ ನಡೆದದ್ದು ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ. 2006ರ ಏಪ್ರಿಲ್‌ನಲ್ಲಿ, ಸಂಪ್ರದಾಯವಾದಿಯೇ ಆಗಿದ್ದ ಅಧ್ಯಕ್ಷ ಅಹಮದಿನೆಜಾದ್ 'ಹೆಂಗಸರನ್ನೂ ಬಿಡಿ' ಅಂದರು. ಖೋಮ್ ಪಟ್ಟಣದ ಹಿರಿಯ ಧರ್ಮಗುರುಗಳು ಕೂಡದು ಎಂದರು. ನಾಯಕ ಖಮೇನಿ ಗುರುಗಳ ಕಡೆಗೆ ನಿಂತರು; ಜನ ಆರಿಸಿದ ಅಧ್ಯಕ್ಷ ಮಾತು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ 2019ರ ಸೆಪ್ಟೆಂಬರಿನಲ್ಲಿ, ಹೀಗೆಯೇ ವೇಷ ಹಾಕಿ ಸಿಕ್ಕಿಬಿದ್ದ ಒಬ್ಬ ತರುಣಿ ಕೋರ್ಟಿನ ಮುಂದೆ ಬೆಂಕಿ ಹಚ್ಚಿಕೊಂಡು ಸತ್ತಳು. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಗಟ್ಟಿಯಾಗಿ ಗದರಿಸಿತು. ಅಕ್ಟೋಬರಿನಲ್ಲಿ ಕಾಂಬೋಡಿಯದ ವಿರುದ್ಧದ ಪಂದ್ಯಕ್ಕೆ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರು ಟಿಕೆಟ್ ಕೊಂಡು ಒಳಗೆ ಹೋದರು. ಇರಾನ್ ಹದಿನಾಲ್ಕು ಗೋಲು ಹೊಡೆಯಿತು. ಹೊರಗಿನ ಒಂದು ಆಟದ ಸಂಸ್ಥೆಯ ಕಾಗದಕ್ಕೆ ಇದ್ದ ಬೆಲೆ ಒಳಗಿನ ಅಷ್ಟು ಹೆಂಗಸರ ಮಾತಿಗೆ ಇರಲಿಲ್ಲವೇ ಎಂದು ಕೇಳಿದರೆ, ಇರಲಿಲ್ಲ.

ಮೂರನೆಯದು ಅಸ್ಗರ್ ಫರ್ಹಾದಿಯವರ 'ಎ ಸೆಪರೇಷನ್' (2011). ಬರ್ಲಿನ್ ಉತ್ಸವದ ದೊಡ್ಡ ಪ್ರಶಸ್ತಿ, ಮರುವರ್ಷ ಆಸ್ಕರ್ ಎಲ್ಲ ಬಂದವು. ಮೂರರಲ್ಲಿ ದೊಡ್ಡ ಕೃತಿ ಇದೇ.

ಶುರುವಾಗುವುದು ಮತ್ತೆ ಅದೇ ಮೇಜಿನಿಂದ. ಗಂಡ ನಾದೆರ್, ಹೆಂಡತಿ ಸಿಮಿನ್ ನಮ್ಮನ್ನೇ ನೋಡುತ್ತ ವಾದಿಸುತ್ತಾರೆ. ನ್ಯಾಯಾಧೀಶನ ದನಿ ಮಾತ್ರ ಕೇಳುತ್ತದೆ, ಮುಖ ಕಾಣುವುದಿಲ್ಲ. ಅವನ ಕುರ್ಚಿಯಲ್ಲಿ ಫರ್ಹಾದಿ ನಮ್ಮನ್ನು ಕೂರಿಸಿದ್ದಾರೆ. ಸಿಮಿನ್‌ಗೆ ಮಗಳನ್ನು ಕರೆದುಕೊಂಡು ದೇಶ ಬಿಡಬೇಕು. ನಾದೆರ್‌ಗೆ ಮರೆವಿನ ರೋಗದ ಅಪ್ಪನನ್ನು ಬಿಟ್ಟು ಬರಲಾಗದು. ಅವಳು ತೌರಿಗೆ ಹೋದ ಮೇಲೆ ಮುದುಕನನ್ನು ನೋಡಿಕೊಳ್ಳಲು ರಜಿಯಾ ಎಂಬ ಬಡವಿ ಬರುತ್ತಾಳೆ. ಬಸುರಿ, ಕಂಕುಳಲ್ಲಿ ಚಾದರ, ಕೈಯಲ್ಲಿ ಸಣ್ಣ ಮಗಳು. ಗಂಡನಿಗೆ ಹೇಳದೆ ಕೆಲಸಕ್ಕೆ ಬಂದಿದ್ದಾಳೆ.

ಮೊದಲ ದಿನವೇ ಮುದುಕ ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುತ್ತಾನೆ. ಪರಗಂಡಸು. ಮುಟ್ಟಿ ತೊಳೆಯಬಹುದೇ? ರಜಿಯಾ ಫೋನು ಎತ್ತಿ ಧರ್ಮದ ವಿಷಯ ಕೇಳಿ ಹೇಳುವವರಿಗೆ ಕರೆ ಮಾಡುತ್ತಾಳೆ. ಹೀಗಿದೆ, ಬೇರೆ ಯಾರೂ ಇಲ್ಲ, ನಾನು ಬದಲಾಯಿಸಿದರೆ ಪಾಪವೇ? ಆ ಕಡೆಯಿಂದ ಒಪ್ಪಿಗೆ ಸಿಗುತ್ತದೆ. 'ನಾನು ಅಪ್ಪನಿಗೆ ಹೇಳುವುದಿಲ್ಲ' ಎಂದು ಮಗಳು ಧೈರ್ಯ ಹೇಳುತ್ತಾಳೆ. ಒಂದೆರಡು ನಿಮಿಷದ ದೃಶ್ಯ. ಹೊರಗಿನವರು ಇದನ್ನು ನೋಡಿ ನಗುತ್ತಾರೆಂದು ಕೇಳಿದ್ದೇನೆ. ನನಗೆ ನಗು ಬರಲಿಲ್ಲ. ಮಡಿ, ಮೈಲಿಗೆ, ಮುಟ್ಟು ಇವುಗಳ ನಡುವೆ 'ಹೀಗೆ ಮಾಡಬಹುದಾ?' ಎಂದು ಮಠದ ಸ್ವಾಮಿಗಳನ್ನೋ ಮನೆಯ ಪುರೋಹಿತರನ್ನೋ ಕೇಳಿಕೊಂಡು ಬಾಳಿದ ಅಜ್ಜಿಯಂದಿರು ನಮ್ಮ ಮನೆಗಳಲ್ಲೂ ಇದ್ದರು.

ಈ ಫೋನು ಕರೆ ಬಹಳ ಹಳೆಯದೊಂದು ಸಂಪ್ರದಾಯದ ತುದಿ. ಷಿಯಾ ಪಂಥದಲ್ಲಿ ಸಾಮಾನ್ಯ ಶ್ರದ್ಧಾಳು ತನಗೆ ಒಪ್ಪಿಗೆಯಾದ ಒಬ್ಬ ಮಹಾಪಂಡಿತನನ್ನು ತಾನೇ ಆರಿಸಿಕೊಳ್ಳುತ್ತಾನೆ, ಅವನನ್ನು ಮರ್ಜಾ ಎನ್ನುತ್ತಾರೆ. ಒಂದೇ ಕಾಲದಲ್ಲಿ ಹಲವು ಮರ್ಜಾಗಳು, ಹಲವು ಅಭಿಪ್ರಾಯಗಳು. ನಿಮ್ಮ ಮನೆಯವರು ಒಬ್ಬರನ್ನು ನಂಬಿದರೆ ಪಕ್ಕದ ಮನೆಯವರು ಇನ್ನೊಬ್ಬರನ್ನು ನಂಬಬಹುದು. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಮನೆಗೆ ಬಂದು ಬಾಗಿಲು ತಟ್ಟುವುದಿಲ್ಲ. ಖೊಮೇನಿಯವರು 1970ರಲ್ಲಿ ಇರಾಕಿನ ನಜಫ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಧರ್ಮಶಾಸ್ತ್ರಜ್ಞನೇ ರಾಜ್ಯವಾಳಬೇಕು ಎಂದಾಗ ಹಿರಿಯ ಗುರುಗಳಲ್ಲಿ ಅನೇಕರು ಅದನ್ನು ಒಪ್ಪಲಿಲ್ಲ. ಒಪ್ಪದಿದ್ದ ಅಯತೊಲ್ಲಾ ಷರಿಯತ್‌ಮದಾರಿಯವರ ಪದವಿಯನ್ನು 1982ರಲ್ಲಿ ಕಿತ್ತುಹಾಕಿದರು. ಅವರು ಗೃಹಬಂಧನದಲ್ಲೇ ಸತ್ತರು. ಈ ಸಿದ್ಧಾಂತವನ್ನು ಸಂವಿಧಾನಕ್ಕೆ ಸೇರಿಸಲು ದುಡಿದ, ಖೊಮೇನಿಯವರ ಉತ್ತರಾಧಿಕಾರಿ ಎನ್ನಿಸಿಕೊಂಡಿದ್ದ ಮುಂತಜರಿಯವರು 1988ರಲ್ಲಿ ಜೈಲಿನ ಕೈದಿಗಳ ಸಾಮೂಹಿಕ ಕೊಲೆಯನ್ನು ಖಂಡಿಸಿದ್ದಕ್ಕೆ ಮರುವರ್ಷ ಆ ಸ್ಥಾನ ಕಳೆದುಕೊಂಡರು. 1989ರ ಜೂನ್‌ನಲ್ಲಿ ಖೊಮೇನಿ ತೀರಿಕೊಂಡಾಗ ಆ ಜಾಗಕ್ಕೆ ಬಂದ ಖಮೇನಿಯವರು ಮರ್ಜಾ ಆಗಿರಲಿಲ್ಲ. ನಾಯಕ ಮರ್ಜಾ ಆಗಿರಬೇಕು ಎಂಬ ಷರತ್ತನ್ನೇ ಸಂವಿಧಾನದಿಂದ ತೆಗೆದರು. ಪಾಂಡಿತ್ಯಕ್ಕೆ ಕುರ್ಚಿ ಕೊಡುತ್ತೇವೆ ಎಂದು ಶುರುಮಾಡಿದವರು ಹತ್ತೇ ವರ್ಷದಲ್ಲಿ ಕುರ್ಚಿಗೆ ತಕ್ಕಂತೆ ಪಾಂಡಿತ್ಯದ ಅಳತೆ ತಗ್ಗಿಸಿದರು. 1988ರ ಜನವರಿಯ ಪತ್ರವೊಂದರಲ್ಲಿ ಖೊಮೇನಿಯವರೇ, ಇಸ್ಲಾಮಿ ಸರ್ಕಾರದ ಹಿತವು ನಮಾಜು, ಉಪವಾಸ, ಹಜ್ ಯಾತ್ರೆಗಳಿಗಿಂತಲೂ ಮೊದಲು ಎಂದು ಸಾರಿದ್ದರು. ಧರ್ಮ ಸರ್ಕಾರವನ್ನು ಆಳುತ್ತದೆ ಎಂದು ನಾವು ತಿಳಿದಿರುತ್ತೇವೆ. ಈ ಪತ್ರ ಓದಿದರೆ ಆಳುತ್ತಿರುವುದು ಯಾವುದು, ಆಳಿಸಿಕೊಳ್ಳುತ್ತಿರುವುದು ಯಾವುದು ಎಂದು ಅನುಮಾನ ಬರುತ್ತದೆ.

ಫರ್ಹಾದಿ ಇದಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವಂತೆಯೂ ಇರಲಿಲ್ಲ. ಚಿತ್ರೀಕರಣದ ನಡುವೆ, 2010ರಲ್ಲಿ, ದೇಶ ಬಿಟ್ಟ ಕಲಾವಿದರ ಪರ ಆಡಿದ ಮಾತಿಗೆ ಅವರ ಪರವಾನಗಿಯನ್ನೇ ಕೆಲವು ದಿನ ಕಿತ್ತುಕೊಂಡಿದ್ದರು. ನೀವು ಗಮನಿಸಿರಬಹುದು, ಆ ಚಿತ್ರದಲ್ಲಿ ಸಿಮಿನ್ ತನ್ನ ಮನೆಯೊಳಗೆ, ಗಂಡನ ಎದುರಿಗೂ ತಲೆವಸ್ತ್ರ ತೆಗೆಯುವುದಿಲ್ಲ. ಅಲ್ಲಿನ ಹೆಂಗಸರು ಮನೆಯಲ್ಲಿ ಹಾಗಿರುತ್ತಾರೆ ಎಂದಲ್ಲ. ಚಿತ್ರ ನೋಡುವ ನಾವು ಪರಪುರುಷರ ಲೆಕ್ಕದಲ್ಲಿ ಬರುತ್ತೇವೆ, ಅದಕ್ಕೆ. ಸಿಮಿನ್‌ಳ ತಲೆಯ ಮೇಲಿನ ಆ ಬಟ್ಟೆ ಸರ್ಕಾರದ ಮೊಹರು. 2022ರ ಸೆಪ್ಟೆಂಬರಿನಲ್ಲಿ ಅದೇ ಬಟ್ಟೆಯ ನೆಪದಲ್ಲಿ ಹಿಡಿದೊಯ್ದ ಇಪ್ಪತ್ತೆರಡರ ಮಹ್ಸಾ ಅಮಿನಿ ಸತ್ತಾಗ ಬೀದಿಗೆ ಬಂದ ಹೆಂಗಸರು ಮೊದಲು ಸುಟ್ಟದ್ದು ಅದನ್ನೇ. ಆಮೇಲೆ ಮಜ್ಲಿಸ್ ಇನ್ನಷ್ಟು ಕಟುವ ಕಾನೂನು ಮಾಡಿತು, ಪಾಲಕ ಮಂಡಳಿ ಒಪ್ಪಿತು. 2024ರ ಡಿಸೆಂಬರಿನಲ್ಲಿ ಜಾರಿಗೆ ಬರಬೇಕಾದ ಹೊತ್ತಿಗೆ ರಾಷ್ಟ್ರೀಯ ಭದ್ರತಾ ಮಂಡಳಿ ತಡೆದು ನಿಲ್ಲಿಸಿತು. ಬೀದಿಯ ಹೆದರಿಕೆ ಎಂಬುದೂ ಸಂವಿಧಾನದಲ್ಲಿ ಬರೆಯದ ಒಂದು ಮಂಡಳಿಯೇ ಇರಬೇಕು.

ರಜಿಯಾಳ ಕಥೆಗೆ ಮರಳುತ್ತೇನೆ. ನಾದೆರ್ ಅವಳನ್ನು ಬಾಗಿಲಾಚೆ ತಳ್ಳುತ್ತಾನೆ, ಅವಳಿಗೆ ಗರ್ಭಪಾತವಾಗುತ್ತದೆ, ಅವನ ಮೇಲೆ ಕೊಲೆಯ ಆರೋಪ. ಕೊನೆಗೆ ಹಣ ಕೊಟ್ಟು ರಾಜಿ. ಸಾಲಗಾರರು ಮನೆಯಲ್ಲೇ ಬಂದು ಕೂತಿದ್ದಾರೆ, ದುಡ್ಡು ಬಂದರೆ ಗಂಡ ಬದುಕುತ್ತಾನೆ. ಆಗ ನಾದೆರ್ ಒಂದೇ ಮಾತು ಕೇಳುತ್ತಾನೆ: ನನ್ನಿಂದಲೇ ಆಯಿತೆಂದು ಕುರಾನಿನ ಮೇಲೆ ಕೈಯಿಟ್ಟು ಹೇಳಲಿ. ರಜಿಯಾ ಹೇಳಲಾರಳು. ಹಿಂದಿನ ದಿನ ಮುದುಕನನ್ನು ಹುಡುಕಿ ರಸ್ತೆ ದಾಟುವಾಗ ಅವಳಿಗೆ ಕಾರು ತಾಗಿತ್ತು, ಅನುಮಾನ ಹುಟ್ಟಿದೆ. ಸುಳ್ಳು ದುಡ್ಡು ತಂದರೆ ಮಗಳಿಗೆ ಕೇಡಾಗುತ್ತದೆ ಎಂದು ಒಳಗೊಳಗೇ ನಡುಗುತ್ತಾಳೆ. ಪಾಪ ನನ್ನ ತಲೆಯ ಮೇಲಿರಲಿ, ಆಣೆ ಮಾಡು ಎಂದು ಗಂಡ ಅಂಗಲಾಚಿದರೂ ಆಗುವುದಿಲ್ಲ. ಇಡೀ ಚಿತ್ರದಲ್ಲಿ ನ್ಯಾಯಾಧೀಶ, ಪೋಲಿಸು, ಸಾಕ್ಷಿ, ಕಡತ ಎಲ್ಲ ಸೇರಿ ಹೊರಗೆಳೆಯಲಾರದ ನಿಜವನ್ನು ಹೊರಗೆಳೆದದ್ದು ಈ ಬಡವಿಯ ದೇವರ ಭಯ. ಅದಕ್ಕೆ ಯಾವ ಮಂಡಳಿಯ ಅಂಗೀಕಾರವೂ ಬೇಕಾಗಲಿಲ್ಲ. ಫರ್ಹಾದಿ ದೊಡ್ಡ ಕಲಾವಿದ ಎಂದು ನಾನು ಹೇಳುವುದು ಇದಕ್ಕೆ.

ಸಿಮಿನ್ ವಿಷಯದಲ್ಲಿ ಮಾತ್ರ ಅವರ ಕೈ ಸ್ವಲ್ಪ ಬಿಗಿಯಾಯಿತು. ನಾದೆರ್ ಅಪ್ಪನ ಮೈ ತೊಳೆಯುತ್ತ ಅಳುವುದನ್ನು ತೋರಿಸುತ್ತಾರೆ. ಸಿಮಿನ್ ಯಾಕೆ ದೇಶ ಬಿಡಬೇಕು ಎಂದಾಗ, ಮಗಳು ಇಂಥ ಸ್ಥಿತಿಯಲ್ಲಿ ಬೆಳೆಯುವುದು ಬೇಡ ಎಂಬ ಒಂದೇ ಮಾತು. ಎಂಥ ಸ್ಥಿತಿ ಎಂದು ನ್ಯಾಯಾಧೀಶ ಕೇಳುತ್ತಾನೆ, ಅವಳು ಉತ್ತರ ಕೊಡುವುದಿಲ್ಲ. ಸೆನ್ಸಾರಿನ ದೇಶದಲ್ಲಿ ಆ ಮೌನಕ್ಕೆ ಅರ್ಥವಿದೆ, ಒಪ್ಪುತ್ತೇನೆ. ಆದರೂ ನೋಡಿದ ಗಂಡಸರೆಲ್ಲ 'ಹಟಮಾರಿ ಹೆಂಗಸು' ಎನ್ನುವಂತಾಯಿತಲ್ಲ.

ಕೊನೆಯ ದೃಶ್ಯ ಮತ್ತೆ ಕೋರ್ಟು. ಈ ಸಲ ಮೇಜಿನ ಈಚೆಗೆ ಕೂತಿರುವುದು ಹನ್ನೊಂದು ವರ್ಷದ ಮಗಳು ತೆರ್ಮೆ. ಅಪ್ಪನ ಜೊತೆ ಇರುತ್ತೀಯೋ, ಅಮ್ಮನ ಜೊತೆಯೋ ಎಂದು ನ್ಯಾಯಾಧೀಶ ಕೇಳುತ್ತಾನೆ. ಇದು ಅವನ ದಯೆಯೂ ಅಲ್ಲ, ಕ್ರೌರ್ಯವೂ ಅಲ್ಲ. ಒಂಬತ್ತು ಚಾಂದ್ರಮಾನ ವರ್ಷ ದಾಟಿದ ಹುಡುಗಿ ಕಾನೂನಿನ ಕಣ್ಣಿಗೆ ಪ್ರಾಯಕ್ಕೆ ಬಂದವಳು, ಯಾರ ಬಳಿ ಇರಬೇಕೆಂದು ಅವಳೇ ಹೇಳಬೇಕು. ಮದುವೆಗೆ ಯೋಗ್ಯಳೆಂದು ಒಂದು ಕಾಲದಲ್ಲಿ ಹೇಳಿದ ಅದೇ ಲೆಕ್ಕ ಈಗ ಅವಳ ಮುಂದೆ ಈ ಪ್ರಶ್ನೆಯನ್ನು ಇಟ್ಟಿದೆ. ನಿರ್ಧಾರ ಮಾಡಿದ್ದೇನೆ ಅನ್ನುತ್ತಾಳೆ, ಕಣ್ಣಲ್ಲಿ ನೀರು. ಅಪ್ಪ ಅಮ್ಮನ ಎದುರು ಹೇಳಲಾರಳೆಂದು ಅವರನ್ನು ಹೊರಗೆ ಕಳಿಸುತ್ತಾರೆ. ಕಚೇರಿಯ ಓಣಿಯಲ್ಲಿ ಗಾಜಿನ ಬಾಗಿಲ ಈ ಕಡೆ ಒಬ್ಬರು, ಆ ಕಡೆ ಒಬ್ಬರು ನಿಂತಿದ್ದಾರೆ. ಅವರ ನಡುವೆ ಜನ ಓಡಾಡುತ್ತಿದ್ದಾರೆ, ಬೇರೆ ಯಾರದೋ ಜಗಳ ಕೇಳುತ್ತಿದೆ. ಹೆಸರುಗಳ ಪಟ್ಟಿ ಬರತೊಡಗಿದರೂ ಒಳಗಿನಿಂದ ಹುಡುಗಿ ಇನ್ನೂ ಬಂದಿಲ್ಲ.